ತಳ ಕಾಣದ ಡಬ್ಬಿ

“ಅಯ್ಯನವರೇ, ಹಸಿವಿಗಿಂತ ಒಂದು ತುತ್ತು ಕಡಿಮೆ ಉಣ್ಣು ಎಂದು ನೀವೇ ಕಲಿಸಿದಿರಿ. ಔಷಧವನ್ನೂ ಹಾಗೆಯೇ ಒಂದಿಷ್ಟು ಕಡಿಮೆ ತೆಗೆದುಕೊಂಡರೆ ತಪ್ಪೇನು?”

ಹೀಗೆ ಕೇಳಿದವನು ತೋಟಪ್ಪ. ಮಠದ ಹಳೆಯ ಶಿಷ್ಯ, ಹೆಂಡತಿ ಮಕ್ಕಳುಳ್ಳ ಗೃಹಸ್ಥ. ಎದೆಯ ಕಾಯಿಲೆಗೆಂದು ವೈದ್ಯರು ಅವನಿಗೆ ದಿನವೂ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಮೈ ಹಗುರಾಯಿತೆಂದು ಅವನು ಒಂದು ದಿನ ನುಂಗಿ ಒಂದು ದಿನ ಬಿಡುತ್ತ ಬಂದಿದ್ದ. ವೈದ್ಯರನ್ನು ಕೇಳಿರಲಿಲ್ಲ. ಬಿಟ್ಟ ಮಾತ್ರೆಗಳನ್ನು ತಗಡಿನ ಡಬ್ಬಿಯೊಂದರಲ್ಲಿ ಕೂಡಿಟ್ಟು, ಇಂದು ಅದನ್ನು ತಂದು ಅಯ್ಯನವರ ಮುಂದೆ ಇಟ್ಟಿದ್ದ. ಮಠಕ್ಕೆ ಬರುವ ಬಡ ರೋಗಿಗಳಿಗೆ ಆಗಲಿ ಎಂಬುದು ಅವನ ಆಸೆ. ಮುಖದಲ್ಲಿ ಸಣ್ಣ ಹೆಮ್ಮೆಯೂ ಇತ್ತು.

ಅಯ್ಯನವರು ಡಬ್ಬಿಯನ್ನು ನೋಡಿದರು. ಮುಟ್ಟಲಿಲ್ಲ.

“ಕೂತುಕೋ. ಒಂದು ಕತೆ ಹೇಳುತ್ತೇನೆ,” ಎಂದರು.

ಒಂದು ಊರಿನಲ್ಲಿ ಕಾಳು ಅಳೆಯುವವನೊಬ್ಬನಿದ್ದ. ಸುಗ್ಗಿ ಬಂತೆಂದರೆ ಯಾರ ಕಣದಲ್ಲಿ ರಾಶಿಯಾದರೂ ಅವನೇ ಬಂದು ಅಳೆಯಬೇಕು. ಮೊದಲ ಕೊಳಗ ತುಂಬಿ ಎತ್ತಿದಾಗ ಅವನು ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದ. ಆ ಮಾತು ಅವನ ಬಾಯಿಂದ ಬಿದ್ದ ಮೇಲೆಯೇ ರೈತನಿಗೆ ಬೆಳೆ ಕೈಗೆ ಬಂದ ಹಾಗೆ. ಅವನ ಕೊಳಗದಲ್ಲಿ ಕೊಟ್ಟವನೂ ಕೆಡುವುದಿಲ್ಲ, ಕೊಂಡವನೂ ಕೆಡುವುದಿಲ್ಲ ಎಂದು ಸುತ್ತಲಿನ ಜನ ಹೇಳುತ್ತಿದ್ದರು. ಅಳೆದು ಮುಗಿದ ಮೇಲೆ ರೈತ ಕೊಡುವ ಕಾಳೇ ಅವನ ಜೀವನ. ಹೊಲವಿರಲಿಲ್ಲ. ಬಲಗೈಯೇ ಅವನ ಹೊಲ.

ಅವನಿಗೆ ತಾಯಿ ಕಲಿಸಿಹೋದ ಒಂದು ನೇಮವಿತ್ತು. ಯಾವ ಪಾತ್ರೆಯ ತಳವನ್ನೂ ಕೆರೆಯಬಾರದು. ಗಡಿಗೆಯಲ್ಲಿ ಜೋಳ ಮುಗಿಯುತ್ತ ಬಂದರೆ ಕೊನೆಯ ಹಿಡಿಯನ್ನು ಅಲ್ಲಿಯೇ ಬಿಟ್ಟು, ಅದರ ಮೇಲೆ ಹೊಸ ಜೋಳ ಸುರಿಯಬೇಕು. ಉಪ್ಪು ತೀರಿದರೆ ತೀರಿತು ಎನ್ನಬಾರದು, ತುಂಬಿತು ಎನ್ನಬೇಕು. ಕೊಳಗವನ್ನು ಎಂದೂ ಬೋರಲು ಹಾಕಬಾರದು. ತಳ ಕಂಡ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ. ಕಷ್ಟದ ದಿನಗಳಲ್ಲೂ ಅವನು ಈ ನೇಮ ಬಿಟ್ಟವನಲ್ಲ. ಗಂಡ ಹೆಂಡತಿ ಬರಿಹೊಟ್ಟೆಯಲ್ಲಿ ಮಲಗಿದ ದಿನವೂ ಗಡಿಗೆಯಲ್ಲಿ ಒಂದು ಹಿಡಿ ಜೋಳ ಇರುತ್ತಿತ್ತು.

ಒಂದು ಸುಗ್ಗಿಯಲ್ಲಿ ಅವನಿಗೆ ಕಣದಲ್ಲಿಯೇ ತಲೆ ಸುತ್ತಿತು. ಮೂಗಿನಿಂದ ರಕ್ತ ಬಂತು. ಹೆಂಡತಿ ಅವನನ್ನು ಪೇಟೆಯ ವೈದ್ಯರ ಬಳಿಗೆ ಕರೆದುಕೊಂಡು ಹೋದಳು. ವೈದ್ಯರು ತೋಳಿಗೆ ಪಟ್ಟಿ ಕಟ್ಟಿ ನೋಡಿ, ಒಂದು ಡಬ್ಬಿ ಮಾತ್ರೆ ಕೊಟ್ಟರು.

“ಬಿಪಿ ಬಹಳ ಏರಿದೆ. ದಿನಾ ಬೆಳಿಗ್ಗೆ ಇದು ಒಂದು. ಮೈ ಚೆನ್ನಾಗಿದ್ದರೂ ಒಂದು, ಚೆನ್ನಾಗಿಲ್ಲದಿದ್ದರೂ ಒಂದು. ಹೆಚ್ಚು ಕಡಿಮೆ ಮಾಡಬೇಕಾದರೆ ನಾನು ಮಾಡುತ್ತೇನೆ, ನೀನು ಕೈ ಹಾಕಬೇಡ. ಡಬ್ಬಿ ಮುಗಿದ ಕೂಡಲೇ ಬಂದು ತೋರಿಸು.”

“ಎಷ್ಟು ದಿನ ನುಂಗಬೇಕು ಸ್ವಾಮಿ?”

“ಇರುವಷ್ಟು ದಿನ.”

ಆ ಮಾತು ಅವನಿಗೆ ಒಗ್ಗಲಿಲ್ಲ. ಬುದ್ಧಿ ಬಂದಾಗಿನಿಂದ ಅಳೆದು ಬದುಕಿದವನು ಅವನು. ಅಳತೆಯಿಲ್ಲದ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆದರೂ ಮನೆಗೆ ಬಂದು, ಬೆಳಗಾಗೆದ್ದು ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಒಂದೊಂದು ಮಾತ್ರೆ ನುಂಗಿದ. ತಲೆಸುತ್ತು ನಿಂತಿತು. ಮೈಗೆ ಕಸುವು ಬಂತು. ಇತ್ತ ಡಬ್ಬಿಯಲ್ಲಿ ಮಾತ್ರೆ ಇಳಿಯುತ್ತ ಹೋಯಿತು.

ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ತಳ ಕಂಡಿತು. ಮೂಲೆಯಲ್ಲಿ ಕೆಲವೇ ಮಾತ್ರೆ ಉಳಿದಿದ್ದವು. ತಾಯಿಯ ನೇಮ ನೆನಪಾಯಿತು. ಮುಚ್ಚಳ ಮುಚ್ಚಿ ಡಬ್ಬಿಯನ್ನು ಗೂಡಿನಲ್ಲಿಟ್ಟ. ಅಂದು ನುಂಗಲಿಲ್ಲ. ಮರುದಿನವೂ ನುಂಗಲಿಲ್ಲ. ಸಂತೆಯ ದಿನ ಪೇಟೆಗೆ ಹೋದಾಗ ವೈದ್ಯರ ಬಾಗಿಲಲ್ಲಿ ಜನ ತುಂಬಿದ್ದರು. ಕಾಯದೆ ಔಷಧದ ಅಂಗಡಿಯಲ್ಲಿ ಅದೇ ಮಾತ್ರೆ ಕೊಂಡು ತಂದು, ಉಳಿದವುಗಳ ಮೇಲೆ ಸುರಿದ. ಡಬ್ಬಿ ತುಂಬಿತು. ಅವನಿಗೆ ಸಮಾಧಾನವಾಯಿತು.

ಅಷ್ಟು ದಿನ ನುಂಗದಿದ್ದರೂ ಮೈಗೆ ಏನೂ ಆಗಿರಲಿಲ್ಲ. ಪೂರ್ತಿ ಬಿಟ್ಟರೇ ಏನೂ ಆಗಲಿಲ್ಲವೆಂದ ಮೇಲೆ ಅರ್ಧ ನುಂಗಿದರೆ ಧಾರಾಳವಾಯಿತು ಎಂದು ಅವನು ಲೆಕ್ಕ ಹಾಕಿದ. ಅಂದಿನಿಂದ ಅರ್ಧ ಬಾಯಿಗೆ, ಅರ್ಧ ಡಬ್ಬಿಗೆ. ಉಪವಾಸದ ದಿನ ಪೂರ್ತಿ ಡಬ್ಬಿಗೆ. ತಲೆ ಭಾರವೆನಿಸಿದ ದಿನ ಮಾತ್ರ ಒಂದರ ಮೇಲೆ ಅರ್ಧ.

ಹೆಂಡತಿ ಇದನ್ನು ಕಂಡಳು.

“ಯಾಕೆ ಮುರೀತಾ ಇದ್ದೀಯ? ಡಾಕ್ಟರು ಇಡೀ ಮಾತ್ರೆ ಅಂದಿದ್ದರು.”

“ಅವರು ಅಂದದ್ದು ಕಾಯಿಲೆ ಇದ್ದಾಗ. ಈಗ ಎಲ್ಲಿದೆ ಕಾಯಿಲೆ? ತೋರಿಸು ನೋಡೋಣ.”

“ನನ್ನ ಕಣ್ಣಿಗೆ ಕಾಣೋ ಹಾಗಿದ್ದರೆ ಅವರ ಹತ್ತಿರ ಪಟ್ಟಿ ಯಾಕೆ ಇರುತ್ತಿತ್ತು? ಹೋಗಿ ತೋಳು ಕೊಟ್ಟು ಬಾ.”

“ಡಬ್ಬಿ ಮುಗಿದರೆ ಬಾ ಅಂದಿದ್ದಾರೆ. ಮುಗಿದಿಲ್ಲವಲ್ಲ! ಊರಿಗೆಲ್ಲ ರಾಶಿ ಅಳೆದುಕೊಡೋನಿಗೆ ಒಂದು ಮಾತ್ರೆ ಅಳೆಯೋಕೆ ಬರಲ್ವಾ?”

“ಬರುತ್ತೆ, ಬರುತ್ತೆ. ನಾಳೆ ಡಾಕ್ಟರನ್ನ ಕಣಕ್ಕೆ ಕಳಿಸ್ತೀನಿ, ನೀನು ಆಸ್ಪತ್ರೇಲಿ ಕೂತ್ಕೋ,” ಎಂದು ಅವಳು ಒಲೆಯ ಕಡೆ ತಿರುಗಿದಳು.

ಅವನು ನಕ್ಕ. ಅವಳೂ ನಕ್ಕಳು. ಮಾತು ಆ ನಗುವಿನಲ್ಲಿ ಮುಗಿದುಹೋಯಿತು.

ಕೇಳು ತೋಟಪ್ಪ. ಡಬ್ಬಿ ಮುಗಿದರೆ ಬಾ ಎಂದು ವೈದ್ಯರು ಹೇಳಿದ್ದರು. ಡಬ್ಬಿ ಮುಗಿಯಲೇ ಇಲ್ಲ. ಆದ್ದರಿಂದ ಅವನು ಹೋಗಲೇ ಇಲ್ಲ.

ಮಳೆಗಾಲ ಕಳೆಯಿತು, ಚಳಿಗಾಲ ಬಂತು. ಕೆಲವು ಮುಂಜಾನೆ ಹಿಂದಲೆ ಸಿಡಿಯುತ್ತಿತ್ತು. ಒಮ್ಮೆ ಬಾವಿಯ ಬಳಿ ಮತ್ತೆ ಮೂಗಿನಲ್ಲಿ ರಕ್ತ ಕಂಡಿತು. ಅವನು ತೊಳೆದುಕೊಂಡು ಬಂದು ಸುಮ್ಮನಿದ್ದ. ಹೇಳಿದರೆ ಹೆಂಡತಿ ಪೇಟೆಗೆ ಎಳೆಯುತ್ತಾಳೆ, ವೈದ್ಯರು ಡಬ್ಬಿ ಬಿಚ್ಚಿ ನೋಡುತ್ತಾರೆ. ಅಳತೆ ತಪ್ಪಿತೆಂದು ಒಮ್ಮೆಯೂ ಯಾರಿಂದಲೂ ಮಾತು ಕೇಳಿಸಿಕೊಳ್ಳದವನು ತಾನು. ಅಂದು ಎರಡು ಮಾತ್ರೆ ಒಟ್ಟಿಗೆ ನುಂಗಿದ. ಸಂಜೆಗೆ ತಲೆ ತಣ್ಣಗಾಯಿತು. ನನ್ನ ಕೈ ಅಳತೆ ತಪ್ಪುವುದಿಲ್ಲ ಎಂದುಕೊಂಡ.

ಸುಗ್ಗಿ ಬಂತು. ಆ ವರ್ಷದ ಮೊದಲ ರಾಶಿ. ರೈತ ರಾಶಿಗೆ ಪೂಜೆ ಮಾಡಿ, ಚೀಲದ ಬಾಯಿ ಬಿಡಿಸಿ ಹಿಡಿದ. ಅಳೆಯುವವನು ಪೂರ್ವಕ್ಕೆ ಮುಖ ಮಾಡಿ ಮಂಡಿಯೂರಿ, ಕೊಳಗ ತುಂಬಿ ಎತ್ತಿದ. ಈಗ ‘ಲಾಭ’ ಎನ್ನಬೇಕು. ಎಲ್ಲರೂ ಕಾದರು.

ಮಾತು ಅವನೊಳಗೆ ಇತ್ತು. ಎಂದಿನಂತೆಯೇ ಇತ್ತು. ನಾಲಿಗೆ ಏಳಲಿಲ್ಲ. ಬಾಯಿ ಒಂದು ಕಡೆಗೆ ವಾಲಿತು.

“ಏನಣ್ಣ, ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡು ಬಂದೆಯಾ?” ಎಂದು ಚೀಲ ಹೊರುವವನು ನಗಾಡಿದ.

ಕೊಳಗ ಬಲಗೈಯಿಂದ ಜಾರಿ ರಾಶಿಯ ಮೇಲೆ ಬೋರಲು ಬಿತ್ತು. ಜನ ‘ಅಯ್ಯೋ’ ಎಂದರು. ಆ ಅಯ್ಯೋ ಕೊಳಗಕ್ಕೆ. ರೈತ ಚೀಲ ಬಿಟ್ಟು ಮೊದಲು ಕೊಳಗವನ್ನು ನೆಟ್ಟಗೆ ಮಾಡಿ ಕಣ್ಣಿಗೊತ್ತಿಕೊಂಡ. ಆಮೇಲೆ ಜನ ಅಳೆಯುವವನನ್ನು ನೋಡಿದರು. ಅವನು ಜೋಳದ ಮೇಲೆ ಬಿದ್ದಿದ್ದ. ಕೊಳಗವನ್ನು ಎತ್ತು ಎಂದು ಅವನೂ ತನ್ನ ಕೈಗೆ ಹೇಳುತ್ತಿದ್ದ. ಕೈ ಕೇಳುತ್ತಿರಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಭಾಗ ಹೋಯಿತು. ಮಾತು ಹೋಯಿತು. ಒತ್ತಡ ತಾಳದೆ ತಲೆಯೊಳಗೆ ರಕ್ತನಾಳ ಒಡೆದಿದೆ ಎಂದು ವೈದ್ಯರು ತಿಳಿಸಿದರು. ಮಾತ್ರೆ ಸರಿಯಾಗಿ ನುಂಗುತ್ತಿದ್ದನೇ ಎಂದು ಕೇಳಿದರು. ಹೆಂಡತಿ ಮನೆಯಿಂದ ತಂದ ಡಬ್ಬಿಯನ್ನು ಸೆರಗಿನಲ್ಲಿ ಸುರಿದಳು. ಅರ್ಧ ಮಾತ್ರೆಗಳು, ಇಡೀ ಮಾತ್ರೆಗಳು, ಒಂದಿಷ್ಟು ಪುಡಿ.

“ನೋಡಿ ಡಾಕ್ಟ್ರೇ, ಇಷ್ಟೂ ಉಳಿಸಿಟ್ಟಿದ್ದಾನೆ. ಇದನ್ನೆಲ್ಲ ಈಗ ಕೊಟ್ಟುಬಿಟ್ಟರೆ ಕೈ ಬರುತ್ತಾ? ಕೈ ಹೋಗಲಿ, ಮಾತು ಬಂದರೆ ಸಾಕು.”

ವೈದ್ಯರು ಒಂದು ಅರ್ಧ ಮಾತ್ರೆಯನ್ನು ಎತ್ತಿ ನೋಡಿದರು. “ಒಟ್ಟಿಗೆ ಕೊಟ್ಟರೆ ಇರುವ ಜೀವವೂ ಹೋದೀತು ತಾಯಿ. ಇವು ಆಯಾ ದಿನದ ಮಾತ್ರೆಗಳು. ಆ ದಿನಗಳು ಹೋದವು,” ಎಂದರು.

ಹಾಸಿಗೆಯಲ್ಲಿದ್ದವನಿಗೆ ಎಲ್ಲವೂ ಕೇಳಿಸಿತು. ವೈದ್ಯರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಎಂದುಕೊಂಡ.

ಮನೆಗೆ ಬಂದ ಮೇಲೆ ಹೆಂಡತಿಯೇ ದಿನಾ ಬೆಳಿಗ್ಗೆ ವೈದ್ಯರು ಹೊಸದಾಗಿ ಕೊಟ್ಟ ಮಾತ್ರೆಯನ್ನು ಅವನ ನಾಲಿಗೆಯ ಮೇಲಿಟ್ಟು, ಗಂಟಲು ನೀವಿ ನುಂಗಿಸುತ್ತಿದ್ದಳು. ಇಡೀ ಮಾತ್ರೆ. ಸೋರಿದ ನೀರನ್ನು ಒರೆಸುತ್ತ ಒಂದು ದಿನ ಅವಳು, “ಅವತ್ತು ನಾನು ನಗಬಾರದಾಗಿತ್ತು,” ಎಂದಳು. ತಪ್ಪು ನಿನ್ನದಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಆ ಮಾತೂ ಒಳಗೇ ಉಳಿಯಿತು. ಹಳೆಯ ಡಬ್ಬಿ ಗೂಡಿನಲ್ಲಿಯೇ ಇತ್ತು. ಎಸೆದುಬಿಡಿ ಎಂದು ವೈದ್ಯರು ಹೇಳಿದ್ದರು. ತುಂಬಿದ್ದನ್ನು ಚೆಲ್ಲಲು ಅವಳಿಗೆ ಕೈ ಬಂದಿರಲಿಲ್ಲ.

ಮುಂದಿನ ಸುಗ್ಗಿಗೆ ಊರವರು ಬೇರೆ ಊರಿನಿಂದ ಅಳೆಯುವವನನ್ನು ಕರೆತಂದರು. ರಾಶಿ ನಿಲ್ಲಿಸಲಾಗುವುದೇ? ಮಲಗಿದಲ್ಲಿಗೆ ಕಣದಿಂದ ‘ಲಾಭ’ ಎಂಬ ಕೂಗು ಕೇಳಿಸಿತು. ಅವನ ತುಟಿ ಅಲುಗಿತು. ಜನ ಕೆಟ್ಟವರಲ್ಲ. ಒಬ್ಬಿಬ್ಬರು ಮೊರದಲ್ಲಿ ಜೋಳ ತಂದು ಕೊಟ್ಟು, ಅವನ ಮುಖ ನೋಡಲಾರದೆ ಬೇಗ ಎದ್ದು ಹೋದರು. ಆಮೇಲೆ ಅವರವರ ಸಂಸಾರ ಅವರವರಿಗೆ. ಜೋಳ ತೀರುತ್ತ ಬಂತು.

ಒಂದು ಸಂಜೆ ಹೆಂಡತಿ ಗಡಿಗೆಯ ಮುಂದೆ ಕುಳಿತು ಕೈ ಇಳಿಸಿದಳು. ಕೈ ಅಲ್ಲಿಯೇ ನಿಂತಿತು. ಕೊನೆಯ ಹಿಡಿ. ಆ ಮನೆಯಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಅವಳು ಒಂದು ಸಲ ಅವನ ಕಡೆ ನೋಡಿದಳು. ಮುಖ ತಿರುಗಿಸಿದಳು. ಉಗುರು ಮಣ್ಣಿನ ತಳ ಕೆರೆಯುವ ಸದ್ದು ಅವನಿಗೆ ಕೇಳಿಸಿತು.

ಬೇಡ ಎಂದು ಅವನು ಕೂಗಿದ. ಹೊರಗೆ ಬಂದದ್ದು ಬರಿಯ ಒಂದು ದನಿ.

ಹಸಿವಾಗಿದೆ ಎಂದು ಅವಳು ತಿಳಿದಳು. “ತಡಿ, ತಡಿ, ಈಗ ಅಂಬಲಿ ಆಗುತ್ತೆ,” ಎಂದಳು.

ಅಯ್ಯನವರು ಕತೆಯನ್ನು ಅಲ್ಲಿಗೆ ಬಿಟ್ಟರು.

ತೋಟಪ್ಪ ಡಬ್ಬಿಯನ್ನು ಅಯ್ಯನವರ ಕಡೆಗೆ ಇನ್ನಷ್ಟು ಸರಿಸಿದ. ಆಮೇಲೆ ಮೆಲ್ಲಗೆ, “ಅವನದು ಕುರುಡು ನೇಮ ಅಯ್ಯನವರೇ. ನಾನು ಹಾಗಲ್ಲ, ನಾಲ್ಕು ಜನಕ್ಕೆ ಆಗಲಿ ಎಂದು ಉಳಿಸಿದೆ,” ಎಂದ.

ಅಯ್ಯನವರು ಆಗ ಮೊದಲ ಸಲ ಡಬ್ಬಿಯನ್ನು ಕೈಗೆತ್ತಿಕೊಂಡರು. ಕಿವಿಯ ಬಳಿ ಹಿಡಿದು ಅಲುಗಿಸಿದರು. ಒಳಗೆ ಕಾಳು ಅಲುಗಿದಂತೆಯೇ ಸದ್ದಾಯಿತು. ಅದನ್ನು ತೋಟಪ್ಪನ ಮಡಿಲಲ್ಲಿ ಇಟ್ಟರು.

“ಉಳಿದ ಕಾಳನ್ನಾದರೆ ಬಿತ್ತಬಹುದು ತೋಟಪ್ಪ, ನಿನ್ನ ಎದೆಗೆಂದು ಬರೆದುಕೊಟ್ಟ ಮಾತ್ರೆ ಉಳಿಸಿ ಯಾವ ಹೊಲದಲ್ಲಿ ಬಿತ್ತುತ್ತೀಯ?”