ಸೆರಗಿನ ಹಗ್ಗ

"ಮೇಡಂ, ಈ ತುಣುಕು ಬರೀ ಕಸ ಎಂದು ಬರೆದುಬಿಡಲೇ?" ಎಂದು ಪ್ರದ್ಯುಮ್ನ ಕೇಳಿದ.

ಮೂರು ವರ್ಷದ ದುಡಿಮೆ ಆ ಒಂದು ಮಾತಿನ ಮೇಲೆ ನಿಂತಿತ್ತು. ಒಂದು ಜೀನು ಯಾವಾಗ ಕೆಲಸಕ್ಕೆ ಏಳಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳುವ ಡಿಎನ್‌ಎ ತುಣುಕು ಅದಿರಬಹುದೆಂಬ ಗುಮಾನಿಯಿತ್ತು. ಜೀಬ್ರಾ ಮೀನಿನ ತಳಿಯೊಂದರಲ್ಲಿ ಅದನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದ. ಮರಿಗಳನ್ನು ಐದು ದಿನ ನೋಡಿದ. ಏನೂ ಊನವಿರಲಿಲ್ಲ. ಆರನೆಯ ದಿನ ತೊಟ್ಟಿ ಖಾಲಿ ಮಾಡಿದ. ಪ್ರಬಂಧ ಒಪ್ಪಿಸಲು ಉಳಿದದ್ದು ಒಂದೇ ವಾರ.

ಅವನ ಗುರು ಶಾಂತಲಾ ಕಂದಗಲ್ಲ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ನೆತ್ತಿಗೇರಿದಾಗ ಅವರು ಹೀಗೆ ಮಾಡುವುದು ಪ್ರದ್ಯುಮ್ನನಿಗೆ ಗೊತ್ತಿತ್ತು.

"ಕಸವಂತೆ ಕಸ! ಕೂತುಕೋ, ಕೇಳು" ಎಂದು ಅವರು ಶುರುಮಾಡಿದರು.

"ಒಬ್ಬ ನೇಕಾರ ತಂಗಿಯ ಮದುವೆಗೆ ಸೀರೆ ನೇಯುತ್ತಿದ್ದ. ಚಿತ್ತಾರ ಮೂಡಲು ಒಡಲು ನೇಯುವಾಗ ಮಗ್ಗದಲ್ಲಿ ಕೆಲವು ಹಗ್ಗ ಎಳೆಯಬೇಕು, ಸೆರಗು ಬಂದಾಗ ಬೇರೆ ಹಗ್ಗ. ಅವನ ತಮ್ಮ ನಾಲ್ಕು ಅಕ್ಷರ ಕಲಿತವನು. ಬೆಳಗಿನಿಂದ ಸಂಜೆಯವರೆಗೆ ಕೂತು ನೋಡಿದ. ಒಂದು ಹಗ್ಗ ಅಲ್ಲಾಡಲೇ ಇಲ್ಲ. ಅಣ್ಣ ನೀರು ಕುಡಿಯಲು ಎದ್ದಾಗ ಅದನ್ನು ಕೊಯ್ದು ಬಿಸಾಕಿದ. ಅಣ್ಣ ಬಂದು ಕೂತ. ಲಾಳಿ ಓಡಿತು, ಬಟ್ಟೆ ಬೆಳೆಯಿತು.

'ನೋಡಿದೆಯಾ ಅಣ್ಣ? ಇಷ್ಟು ವರ್ಷ ದಂಡಕ್ಕೆ ಒಂದು ಹಗ್ಗ ಕಟ್ಟಿಕೊಂಡಿದ್ದೆ. ಕೊಯ್ದೆ. ಏನಾಯಿತು?' ಎಂದು ತಮ್ಮ ಮೀಸೆ ತಿರುವಿದ.

ಅಣ್ಣನ ಕೈಯಿಂದ ಲಾಳಿ ಜಾರಿತು. 'ನಿನ್ನ ಕೈ ಸೇದಿಹೋಗ! ಅದು ಸೆರಗಿನ ಹಗ್ಗವೋ! ನಾನಿನ್ನೂ ಒಡಲಿನಲ್ಲೇ ಇದ್ದೇನೆ!'

ಆ ಹಗ್ಗ ಯಾವ ಯಾವ ಎಳೆಗೆ ಕಟ್ಟಿತ್ತೆಂಬುದು ಅದನ್ನು ಕಟ್ಟಿದ ಅಪ್ಪನಿಗೆ ಮಾತ್ರ ಗೊತ್ತಿತ್ತು. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಹಸೆಮಣೆಯ ಮೇಲೆ ಆ ಹುಡುಗಿ ಬೋಳು ಸೆರಗು ಹೊದ್ದು, ತಲೆ ತಗ್ಗಿಸಿ ಕೂತಳು."

ಆ ತಮ್ಮ ತಾನೇ ಎಂದು ಪ್ರದ್ಯುಮ್ನನಿಗೆ ಗೊತ್ತಾಯಿತು. ಆದರೂ ಮೂರು ವರ್ಷದ ದುಡಿಮೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಆದರೆ ಮೇಡಂ, ನನ್ನ ಮೀನಿಗೆ ನಿಜವಾಗಿಯೂ ಏನೂ ಆಗಲಿಲ್ಲವಲ್ಲ" ಎಂದ.

"ಐದು ದಿನದ ಮರಿಗೆ ಸೆರಗು ಬಂದಿರುತ್ತದೇನಪ್ಪ?"

ಪ್ರದ್ಯುಮ್ನ ಖಾಲಿ ತೊಟ್ಟಿಯ ಕಡೆ ನೋಡಿದ.