ಹೆಲಿಕಾಪ್ಟರ್ ಎಂಬ ಪದ

"ಗುರುಗಳೇ, ಹೆಲಿಕಾಪ್ಟರ್ ಎಂಬ ಪದವನ್ನು ಎಲ್ಲಿ ಒಡೆಯಬೇಕು?" ಎಂದು ಶಿಷ್ಯ ಕರಿವೃಷಭ ಕೇಳಿದ. ಅವನು ಮಠದಲ್ಲಿ ಕೂತು ಶಾಲೆಯ ಮಕ್ಕಳಿಗಾಗಿ ಒಂದು ಪದಕೋಶ ಬರೆಯುತ್ತಿದ್ದ.

"ನೀನು ಎಲ್ಲಿ ಒಡೆದೆ?" ಎಂದರು ಗುರುಗಳು.

"ಜನ ಹೆಲಿ ಬೇರೆ, ಕಾಪ್ಟರ್ ಬೇರೆ ಎಂದುಕೊಂಡಿದ್ದಾರೆ. ಅದು ಇಳಿಯುವ ಜಾಗಕ್ಕೆ ಹೆಲಿಪ್ಯಾಡ್ ಎಂಬ ಹೆಸರು ಬಂದದ್ದೂ ಹಾಗೆಯೇ. ಆದರೆ ಅದು ಗ್ರೀಕ್ ಮಾತುಗಳಿಂದ ಕಟ್ಟಿದ ಪದ. ಹೆಲಿಕ್ಸ್ ಎಂದರೆ ಸುರುಳಿ, ಪ್ಟೆರಾನ್ ಎಂದರೆ ರೆಕ್ಕೆ. ಒಡೆಯುವುದಾದರೆ ಹೆಲಿಕೊ, ಪ್ಟರ್ ಎಂದು ಒಡೆಯಬೇಕು. ಮೂಲ ತಿಳಿದ ಮೇಲೆ ಅರ್ಥ ತಿಳಿದಂತೆಯೇ ಅಲ್ಲವೇ?"

ಗುರುಗಳು ಈ ಕತೆ ಹೇಳಿದರು.

ನದಿಯ ದಂಡೆಯ ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಅವರಿಗೆ ಪದಗಳೆಂದರೆ ಪ್ರಾಣ. ಆ ಊರಿಗೆ ಒಬ್ಬ ಹೆಂಗಸು ಪುಟ್ಟ ಮಗಳನ್ನು ಕರೆದುಕೊಂಡು ಬಂದಳು. ಸಮುದ್ರದಾಚೆಯ ನಾಡಿನಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲಿಂದ ತಪ್ಪಿಸಿಕೊಂಡು ಬಂದವಳು. ಮೇಷ್ಟ್ರು ಒಳ್ಳೆಯವರು. ಶಾಲೆಯಲ್ಲಿ ಆಕೆಗೆ ಬಿಸಿಯೂಟದ ಅಡುಗೆ ಕೆಲಸ ಕೊಡಿಸಿದರು. ಆಕೆ ಎರಡು ವರ್ಷದಲ್ಲಿ ನಮ್ಮ ಮಾತು ಕಲಿತಳು.

ಒಂದು ದಿನ ಮೇಷ್ಟ್ರು ಹಲಗೆಯ ಮೇಲೆ ಹೆಲಿಕಾಪ್ಟರಿನ ಚಿತ್ರ ಬರೆದು, ನೀನು ಈಗ ಹೇಳಿದ್ದನ್ನೇ ಮಕ್ಕಳಿಗೆ ಹೇಳುತ್ತಿದ್ದರು. ಆಕೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹೇಳಿದಳು.

"ಮೇಷ್ಟ್ರೇ, ನಮ್ಮ ಕಡೆ ಅದಕ್ಕೆ ಬೇರೆ ಹೆಸರು. ನಿಮ್ಮ ಮಾತಿನಲ್ಲಿ ಅಡಗು ಅಂತ ಆಗುತ್ತೆ. ಅದರ ಸದ್ದು ಕೇಳಿದರೆ ತಾಯಂದಿರು ಹಾಗೆಂದು ಕೂಗುತ್ತಿದ್ದರು. ಮಕ್ಕಳು ಅದನ್ನೇ ಹೆಸರು ಅಂದುಕೊಂಡರು."

"ಅಡಗು ಅನ್ನುವುದು ಹೆಸರಲ್ಲಮ್ಮ, ಕ್ರಿಯಾಪದ," ಎಂದರು ಮೇಷ್ಟ್ರು. ಮಕ್ಕಳು ನಕ್ಕರು. "ಎಲ್ಲಿ, ಹೇಳು ನೋಡೋಣ, ಹೆಲಿಕಾಪ್ಟರ್."

ಆಕೆ ಮೂರು ಸಲ ಹೇಳಿದಳು. ಮೂರನೆಯ ಸಲ ಸರಿಯಾಗಿ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೂ ನಕ್ಕು ಒಲೆಯ ಹತ್ತಿರ ಹೋದಳು. ಆ ಯಂತ್ರದಿಂದ ಸುರಿದ ಗುಂಡಿಗೆ ಆಕೆಯ ಗಂಡನೂ ದೊಡ್ಡ ಮಗಳೂ ಬಲಿಯಾಗಿದ್ದರು. ಮೇಷ್ಟ್ರು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಮೇಲಿನ ಅಣೆಕಟ್ಟು ತುಂಬಿ ನೀರು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ನದಿ ಊರೊಳಗೆ ಬಂತು. ಜನ ಶಾಲೆಯ ತಾರಸಿ ಹತ್ತಿದರು. ಆಕೆ ಅಕ್ಕಿ ಮೂಟೆಗಳನ್ನು, ಪಾತ್ರೆಗಳನ್ನು ಮೇಲೆ ಸಾಗಿಸಿದಳು. ಆಮೇಲೆ ಜ್ವರದಲ್ಲಿ ಮಲಗಿದ್ದ ಮಗಳನ್ನು ತರಲು ಮನೆಗೆ ಓಡಿದಳು. ಶಾಲೆಯಿಂದ ಮನೆಗೆ ನೂರು ಹೆಜ್ಜೆ.

ಮಗಳನ್ನು ಹೆಗಲ ಮೇಲೆ ಹೊತ್ತು, ಸೊಂಟದಷ್ಟು ನೀರಿನಲ್ಲಿ ಅರ್ಧ ದಾರಿ ಬಂದಿದ್ದಳು. ಆಗ ಆಕಾಶದಲ್ಲಿ ಸದ್ದು ಕೇಳಿತು. ಆಕೆ ನಿಂತಳು.

ಮೇಷ್ಟ್ರು ತಾರಸಿಯ ಅಂಚಿಗೆ ಬಂದು ಎರಡೂ ಕೈ ಎತ್ತಿ ಕೂಗಿದರು. "ಹೆಲಿಕಾಪ್ಟರ್! ಹೆಲಿಕಾಪ್ಟರ್ ಬಂತು!"

ಆ ಪದ ಆಕೆಗೆ ಈಗ ತಿಳಿದಿತ್ತು.

ಆಕೆ ಅವರ ಮುಖ ನೋಡಿದಳು. ಮರೆಯಿಲ್ಲದ ತಾರಸಿಯ ಮೇಲೆ ನಿಂತು ಕೈಬೀಸುತ್ತಿದ್ದ ಮಕ್ಕಳನ್ನು ನೋಡಿದಳು. "ಅಡಗಿ ಮೇಷ್ಟ್ರೇ! ಮಕ್ಕಳನ್ನು ಕರೆದುಕೊಂಡು ಅಡಗಿ!" ಎಂದು ಕಿರುಚಿದಳು. ಮತ್ತೆ ಮನೆಯ ಕಡೆಗೆ ತಿರುಗಿದಳು.

ಹೆಲಿಕಾಪ್ಟರಿನಿಂದ ಹಗ್ಗ ಇಳಿಬಿಟ್ಟು ತಾರಸಿಯವರನ್ನು ಒಬ್ಬೊಬ್ಬರಾಗಿ ಮೇಲೆ ಎತ್ತಿದರು. ಮೂರು ಸಲ ಹೋಗಿ ಬಂದರು. ಮೇಷ್ಟ್ರು ಬೇಡಿಕೊಂಡಿದ್ದರಿಂದ ಒಮ್ಮೆ ಆಕೆಯ ಮನೆಯ ಮೇಲೆ ತೀರ ಕೆಳಗೆ ಬಂದು ನಿಂತರು. ರೆಕ್ಕೆಯ ಗಾಳಿಗೆ ಹೆಂಚುಗಳು ಹಾರಿದವು. ಮೈಕಿನಲ್ಲಿ ಕೂಗಿದರು. ಯಾರೂ ಹೊರಗೆ ಬರಲಿಲ್ಲ. ಮನೆ ಖಾಲಿ ಎಂದುಕೊಂಡರು. ಬೆಳಕು ಹೋಗುತ್ತಿತ್ತು. ಕೊನೆಗೆ ಮೇಷ್ಟ್ರನ್ನೂ ಎತ್ತಿಕೊಂಡು ಹೊರಟುಹೋದರು.

ಮರುದಿನ ಬೆಳಗ್ಗೆ ದೋಣಿಯವರಿಗೆ ಆ ಹುಡುಗಿ ಸಿಕ್ಕಳು. ಮುರಿದ ಹೆಂಚಿನ ನಡುವೆ ತೊಲೆಯನ್ನು ತಬ್ಬಿಕೊಂಡು ಕೂತಿದ್ದಳು. ತಾಯಿಯ ಹೆಣ ಎರಡು ದಿನದ ಮೇಲೆ ಕೆಳಗಿನ ಊರಿನ ಸೇತುವೆಗೆ ಸಿಕ್ಕಿಕೊಂಡಿತ್ತು.

ಹುಡುಗಿ ಮೇಷ್ಟ್ರಿಗೆ ಹೇಳಿದಳು: "ಅಟ್ಟದ ಮೇಲೆ ಅಮ್ಮ ನನ್ನ ಬಾಯಿ ಮುಚ್ಚಿ ಹಿಡಿದಿದ್ದಳು. ಅದು ಹೋದ ಮೇಲೆ ಕೈ ತೆಗೆದಳು. ಬದುಕಿದೆವು ಮಗಳೇ ಅಂದಳು. ಆಗ ನೀರು ಅಟ್ಟಕ್ಕೆ ಬಂದಿತ್ತು. ನನ್ನನ್ನು ಮೇಲಕ್ಕೆ ಎತ್ತಿ ಕೂರಿಸಿದಳು. ಅವಳಿಗೆ ಹತ್ತಲು ಆಗಲಿಲ್ಲ."

ಮೇಷ್ಟ್ರು ಆಮೇಲೂ ಹನ್ನೊಂದು ವರ್ಷ ಪಾಠ ಮಾಡಿದರು. ಹುಡುಗಿಯನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಿದರು. ಯಾವ ಪದದ ಅರ್ಥವನ್ನೂ ಮಕ್ಕಳಿಗೆ ತಾವಾಗಿ ಹೇಳಲಿಲ್ಲ. ಮೊದಲು, ನಿನ್ನ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ ಎಂದು ಕೇಳುತ್ತಿದ್ದರು.

ಕತೆ ಮುಗಿಯಿತು. ಕರಿವೃಷಭ ಮೆಲ್ಲಗೆ ಕೇಳಿದ: "ಹಾಗಾದರೆ ಗುರುಗಳೇ, ಆ ಪದದ ಮುಂದೆ ನಾನು ಏನೆಂದು ಬರೆಯಲಿ?"

"ಅದನ್ನು ನನ್ನನ್ನು ಕೇಳಬೇಡ, ನಮ್ಮ ಶಾಲೆಯಲ್ಲಿ ಮೂರನೆಯ ತರಗತಿಗೆ ಪಾಠ ಮಾಡುವವಳು ಆ ಹುಡುಗಿಯೇ, ಹೋಗಿ ಅವಳನ್ನು ಕೇಳು," ಎಂದರು ಗುರುಗಳು.

ಆ ಪದವನ್ನು ಅವಳ ಮುಂದೆ ಹೇಗೆ ಎತ್ತುವುದೆಂದು ತಿಳಿಯದೆ ಕರಿವೃಷಭ ಏಳಲಿಲ್ಲ.