ಎರಡು ಸಲ ಮುಚ್ಚಿದ ಬಾವಿ

ಪುರಸಭೆಯ ಒಬ್ಬ ಗುಮಾಸ್ತನಿಗೆ ಊರಿನ ಹಳೆಯ ಬಾವಿಗಳ ಹುಚ್ಚು. ಒಂದೊಂದು ಬಾವಿಗೂ ಒಂದೊಂದು ಪುಟ ಬರೆದು ತನ್ನದೇ ವೆಬ್‌ಸೈಟಿನಲ್ಲಿ ಹಾಕಿದ್ದ. ಅಕ್ಕಮ್ಮನ ಬಾವಿಯನ್ನು ಮುಚ್ಚಿಸಿ ಮಳಿಗೆ ಕಟ್ಟಿಸಿದವರು ಅಧ್ಯಕ್ಷ ಚನ್ನವೀರಪ್ಪನವರು ಎಂದೂ ಬರೆದಿದ್ದ. ಅವನ ತಾಯಿ ನೀರು ಸೇದಿದ ಬಾವಿ ಅದು. ಈಗ ಉಳಿದದ್ದು ಆ ಪುಟ ಮಾತ್ರ.

ಅಧ್ಯಕ್ಷರು ಕರೆಸಿದರು. "ಗೂಗಲ್‌ನಲ್ಲಿ ನನ್ನ ಹೆಸರು ಹೊಡೆದರೆ ನಿನ್ನ ಹಾಳು ಬಾವಿ ಬರುತ್ತಲ್ಲಯ್ಯಾ! ಅಳಿಸ್ತೀಯೋ, ವರ್ಗಕ್ಕೆ ಬರೆಯಲೋ?"

"ಅಳಿಸಿದರೆ ಜನ ಯಾಕೆ ಅಂತ ಕೇಳ್ತಾರೆ ಸಾರ್. ಪುಟ ಇರಲಿ. ಗೂಗಲ್‌ನಲ್ಲಿ ಹುಡುಕಿದರೆ ಸಿಗದ ಹಾಗೆ ಪುಟದ ಕೋಡಿನೊಳಗೆ ಒಂದು ಸಾಲು ಸೇರಿಸ್ತೀನಿ."

"ಹಾಗೇ ಮಾಡು."

ಮಾಡಿದ. ತಿಂಗಳೊಳಗೆ ಪುಟ ಗೂಗಲ್‌ನಿಂದ ಮಾಯವಾಗಿ, ಬಾವಿ ಎರಡನೇ ಸಲ ಮುಚ್ಚಿಹೋಯಿತು.

ಆಮೇಲೆ ಚುನಾವಣೆ ಬಂತು. ಟಿಕೆಟ್ ಕೇಳಲು ಹೋದ ಅಧ್ಯಕ್ಷರ ಹೆಸರನ್ನು ಪಕ್ಷದ ವೀಕ್ಷಕರು ಮೊಬೈಲಿನಲ್ಲಿ ಹುಡುಕಿ, "ಎಲ್ಲೂ ಇಲ್ಲವಲ್ಲ, ಯಾರ್ರೀ ನೀವು?" ಎಂದರಂತೆ.

ಅಧ್ಯಕ್ಷರು ಓಡಿ ಬಂದರು. "ನನ್ನ ಹೆಸರೆಲ್ಲಯ್ಯಾ?"

"ಇದ್ದದ್ದು ಆ ಬಾವಿಯಲ್ಲೊಂದೇ ಸಾರ್."

"ವಾಪಸ್ ಹಾಕು ಮಾರಾಯ! ಬಾವಿ ಸಮೇತ ಹಾಕು!"

ಗುಮಾಸ್ತ ತಲೆ ಎತ್ತಲಿಲ್ಲ. "ಬಾಯಿಮಾತು ಕಡತಕ್ಕೆ ಹತ್ತಲ್ಲ ಸಾರ್. ಲಿಖಿತ ಆದೇಶ ಬೇಕು."

ಅಧ್ಯಕ್ಷರು ಹಲ್ಲು ಕಚ್ಚಿ ಬರೆದರು: 'ಅಕ್ಕಮ್ಮನ ಬಾವಿಯನ್ನು ಮುಚ್ಚಿಸಿದ ನನ್ನ ಹೆಸರು ಎಲ್ಲರಿಗೂ ಕಾಣುವಂತೆ ಮಾಡತಕ್ಕದ್ದು.' ಕೆಳಗೆ ಸಹಿ, ಮೊಹರು.

ಗುಮಾಸ್ತ ಒಳಗಿನ ಸಾಲನ್ನು ತೆಗೆದು, ಆ ಆದೇಶವನ್ನೂ ಪುಟಕ್ಕೆ ಸೇರಿಸಿದ. ಈಗ ಅಧ್ಯಕ್ಷರ ಹೆಸರು ಹುಡುಕಿದರೆ ಮೊದಲು ಅದೇ ಬರುತ್ತದೆ. ನೀರು ಮಾತ್ರ ಬರಲಿಲ್ಲ.